ನೆರೆ ಇಳಿದ ಮೇಲೆ ಉಳಿದ ಹಣ

2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಊರುಗಳಿಗೆ ನುಗ್ಗಿದಾಗ, ಕಲಬುರಗಿಯ ನಮ್ಮ ಬಡಾವಣೆಯವರೆಲ್ಲ ಸೇರಿ ಪರಿಹಾರ ಸಮಿತಿ ಕಟ್ಟಿಕೊಂಡೆವು. ಮೂವತ್ತು ವರ್ಷ ಗಣಿತ ಕಲಿಸಿದವಳೆಂದು ಖಜಾಂಚಿಯ ಕೆಲಸ ನನ್ನ ಪಾಲಿಗೆ ಬಂತು. ಮನೆಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೌದಿ ಬಂದವು. 214 ಜನ ಕೊಟ್ಟ ಹಣ 4,12,650 ರೂಪಾಯಿ. ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಬಿಡುವ ನೀರು ತಗ್ಗಿ, ಜನ ಕಾಳಜಿ ಕೇಂದ್ರಗಳಿಂದ ಮನೆಗೆ ಹೊರಟಾಗ ನನ್ನ ಲೆಕ್ಕದ ಪುಸ್ತಕದಲ್ಲಿ 1,36,450 ರೂಪಾಯಿ ಉಳಿದಿತ್ತು.

ಬಡಾವಣೆಯ ಸಮುದಾಯ ಭವನದ ಚಾವಣಿ ಸೋರುತ್ತಿದೆ, ಅದಕ್ಕೆ ಹಾಕೋಣ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಬ್ಯಾಂಕಿನಲ್ಲಿ ಠೇವಣಿ ಇಡೋಣ ಎಂದರು ಮತ್ತೊಬ್ಬರು. ಯಾರ ಮನಸ್ಸಿನಲ್ಲೂ ಕಪಟವಿರಲಿಲ್ಲ. ಆದರೂ ನನಗೆ ಸಂಕಟವಾಯಿತು. ರಸೀದಿ ಪುಸ್ತಕದ ಪ್ರತಿ ಹಾಳೆಯಲ್ಲೂ ‘ಭೀಮಾ ನೆರೆ ಸಂತ್ರಸ್ತರಿಗೆ’ ಎಂದು ನನ್ನದೇ ಅಕ್ಷರವಿತ್ತು. ಅದರಲ್ಲೊಂದು ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರೊಬ್ಬರ ರಸೀದಿ, 200 ರೂಪಾಯಿಯದು. ಹೆಗಲ ಮೇಲಿನ ಟವೆಲ್ಲಿನ ತುದಿಯ ಗಂಟು ಬಿಚ್ಚಿ, ಬೆವರಿಗೆ ಮೆತ್ತಗಾಗಿದ್ದ ಎರಡು ನೋಟುಗಳನ್ನು ನನ್ನ ಕೈಯಲ್ಲಿಟ್ಟು, “ಅಕ್ಕೋರೇ, ನನ್ನ ತಂಗಿಯನ್ನು ಕೊಟ್ಟದ್ದು ಹೊಳೆಯ ದಂಡೆಯ ಊರಿಗೇ” ಎಂದಿದ್ದರು. ಆ ಹಣದಿಂದ ನಮ್ಮ ಚಾವಣಿಗೆ ಸಿಮೆಂಟು ತರುವುದು ಹೇಗೆ?

ಕೊಟ್ಟವರನ್ನೇ ಕೇಳೋಣ ಎಂದೆ. ಅಷ್ಟು ಜನರಿಗೆ ಯಾರು ಫೋನ್ ಮಾಡುತ್ತಾರೆ ಎಂದರು. ನಾನು ಮಾಡಿದೆ, ಒಂಬತ್ತು ಸಂಜೆ. 31 ಜನ ಸಿಗಲಿಲ್ಲ. ಸಿಕ್ಕ 183 ಜನರಲ್ಲಿ 168 ಮಂದಿ ಎಲ್ಲಿ ಕಷ್ಟವಿದೆಯೋ ಅಲ್ಲಿಗೆ ಕೊಡಿ ಎಂದರು. 12 ಮಂದಿ ನೆರೆ ಸಂತ್ರಸ್ತರಿಗೆ ಬಿಟ್ಟು ಬೇರೆಯವರಿಗೆ ಬೇಡ ಎಂದರು. ಮೂವರು ಹಣ ವಾಪಸ್ ಕೇಳಿದರು, ಕೊಟ್ಟೆವು. ಕೊರೊನಾ ಕಾಲ, ಅವರವರ ಮನೆಯ ಕಷ್ಟ ಅವರವರಿಗೆ. ಅದರಲ್ಲಿ ಬೇಸರ ಪಡುವಂಥದ್ದೇನೂ ಇರಲಿಲ್ಲ.

ದೀಪಾವಳಿಗೆ ನಾಲ್ಕು ದಿನವಿರುವಾಗ ಜೇವರ್ಗಿ ಕಡೆಯ ಒಂದು ಊರಿಗೆ ಮತ್ತೆ ಹೋದೆವು. ಆಗ ತಿಳಿಯಿತು, ನಾವು ‘ಉಳಿದದ್ದು’ ಎಂದುಕೊಂಡದ್ದು ಉಳಿದದ್ದೇ ಅಲ್ಲ. ಗೋಡೆಯ ಮೇಲೆ ಎದೆಯೆತ್ತರಕ್ಕೆ ಕೆಸರಿನ ಗೆರೆ. ಅಂಗಳದಲ್ಲಿ ಒಬ್ಬ ಅಜ್ಜಿ ಜೋಳದ ಚೀಲವನ್ನು ಕುಡುಗೋಲಿನಿಂದ ಸೀಳುತ್ತಿದ್ದರು. ಕಾಳು ಒಳಗೇ ಮೊಳೆತು, ಬೇರಿಗೆ ಬೇರು ಹೆಣೆದು, ಕೊಳೆತು ಗಟ್ಟಿಯಾಗಿತ್ತು; ಹುಳಿ ನಾತ. ಹೊಲದಲ್ಲಿ ತೊಗರಿ ನಿಂತಲ್ಲೇ ಒಣಗಿತ್ತು. ಹಿಂಗಾರಿಗೆ ಕಡಲೆ ಬಿತ್ತಲು ಹದವಿದ್ದರೂ ಬೀಜವಿರಲಿಲ್ಲ. ಹೊಳೆಯ ಪಂಪ್‌ಸೆಟ್‌ಗಳ ಮೋಟಾರುಗಳೊಳಗೆ ಹೂಳು ತುಂಬಿತ್ತು. ಬಿಸ್ಕತ್ತು, ಸೀರೆ ತಂದವರೆಲ್ಲ ಮೊದಲ ಹತ್ತು ದಿನದಲ್ಲೇ ಬಂದು ಹೋಗಿದ್ದರು. ಮೋಟಾರು ಏನಾಯಿತು ಎಂದು ನಾವೂ ಕೇಳಿರಲಿಲ್ಲ.

ಕಡಲೆ ಬೀಜ ಕೊಡಿಸಿದೆವು, ಮೋಟಾರುಗಳಿಗೆ ವೈಂಡಿಂಗ್ ಮಾಡಿಸಿದೆವು. ಕೊನೆಗೆ ನಿಜವಾಗಿ ಉಳಿದದ್ದು ಹದಿನೆಂಟು ಸಾವಿರದಷ್ಟು. ಬೇರೆ ಕಡೆ ಕೊಡಲು ಒಪ್ಪಿದವರ ಹಣದಲ್ಲಿ ಅದನ್ನು ಹಿಡಿದು, ಮುಂದಿನ ನೆರೆಗೆಂದು ಜಂಟಿ ಖಾತೆಯಲ್ಲಿಟ್ಟೆವು.

ದೊಡ್ಡ ಸಂಸ್ಥೆಗಳಿಗೂ ಈ ಇಕ್ಕಟ್ಟು ಬಂದಿದೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಎಂ.ಎಸ್.ಎಫ್. ಎಂಬ ವೈದ್ಯರ ಸಂಸ್ಥೆ ಕೆಲವೇ ದಿನಗಳಲ್ಲಿ, ಸುನಾಮಿಗೆಂದು ಇನ್ನು ಹಣ ಕಳಿಸಬೇಡಿ, ನಮ್ಮ ಕೆಲಸಕ್ಕೆ ಬೇಕಾದಷ್ಟು ಬಂದಿದೆ ಎಂದಿತು. ಆಗಲೇ ಬಂದಿದ್ದ ಹೆಚ್ಚಿನ ಹಣವನ್ನು ಬೇರೆ ಸಂಕಟಗಳಿಗೆ ಬಳಸಲು ದಾನಿಗಳ ಒಪ್ಪಿಗೆ ಕೇಳಿತು. ಬಹುಪಾಲು ಜನ ಒಪ್ಪಿದರು. ಹಣ ಹರಿದು ಬರುತ್ತಿರುವಾಗ ಸಾಕು ಎನ್ನುವುದಕ್ಕೆ ಎಂಥ ಗಟ್ಟಿತನ ಬೇಕು! ಅದಕ್ಕೂ ಮೊದಲು, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ರೆಡ್ ಕ್ರಾಸ್ ಸಂತ್ರಸ್ತರಿಗೆಂದು ಬಂದ ಹಣದಲ್ಲಿ ಒಂದಷ್ಟನ್ನು ಮುಂದಿನ ಅಗತ್ಯಕ್ಕೆ ತೆಗೆದಿರಿಸಲು ಹೊರಟು, ಜನರ ಸಿಟ್ಟಿಗೆ ಗುರಿಯಾಗಿ ನಿರ್ಧಾರ ಬದಲಿಸಿತು. ಮುಂದಿನ ಅಗತ್ಯಕ್ಕೆ ಇಡುವುದು ತಪ್ಪಲ್ಲ. ಕೇಳದೆ ಇಡುವುದು ತಪ್ಪು.

ನಮ್ಮ ಕಾನೂನೂ ಇದಕ್ಕೆ ಹತ್ತಿರವೇ ಇದೆ. ಸಾರ್ವಜನಿಕ ಧರ್ಮಾರ್ಥ ಟ್ರಸ್ಟಿನ ಮೂಲ ಉದ್ದೇಶ ಈಡೇರಿದ್ದರೆ ಅಥವಾ ಈಡೇರಿಸಲು ಆಗದಿದ್ದರೆ, ಅದರ ಸ್ವತ್ತನ್ನು ಆ ಉದ್ದೇಶಕ್ಕೆ ಆದಷ್ಟು ಸಮೀಪದ ಕೆಲಸಕ್ಕೆ ಬಳಸಲು ನ್ಯಾಯಾಲಯ ಅನುಮತಿಸಬಹುದು ಎನ್ನುತ್ತದೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ. ನಮ್ಮಂಥ ಓಣಿಯ ಸಮಿತಿ ನ್ಯಾಯಾಲಯದವರೆಗೆ ಹೋಗುವುದಿಲ್ಲ, ನಿಜ. ಆದರೆ ‘ಸಮೀಪದ ಕೆಲಸ’ ಎಂಬ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು. ನೆರೆಯ ಹಣಕ್ಕೆ ಕಡಲೆ ಬೀಜ ಸಮೀಪ. ಸಮುದಾಯ ಭವನ ದೂರ.

2025ರ ಸೆಪ್ಟೆಂಬರಿನಲ್ಲಿ ಭೀಮೆ ಮತ್ತೆ ಉಕ್ಕಿದಳು. ಇನ್ನೂ ಒಂದು ರೂಪಾಯಿ ಚಂದಾ ಎತ್ತಿರಲಿಲ್ಲ. ಬಡ್ಡಿ ಸೇರಿ ಬೆಳೆದಿದ್ದ ಆ ಹದಿನೆಂಟು ಸಾವಿರದಿಂದಲೇ ಮೊದಲ ದಿನ ತಾಡಪತ್ರಿ ಕೊಂಡೆವು. ಹೊಸ ರಸೀದಿ ಪುಸ್ತಕವನ್ನೂ ಅಚ್ಚು ಹಾಕಿಸಿದೆ. ಮೊತ್ತದ ಕೆಳಗೆ ಹೀಗಿದೆ: ‘ಹಣ ಉಳಿದರೆ ಇದೇ ಊರುಗಳ ಬಿತ್ತನೆಗೆ, ಅನಂತರವೂ ಉಳಿದರೆ ಮುಂದಿನ ನೆರೆಗೆ. ಒಪ್ಪಿಗೆ ಇಲ್ಲದಿದ್ದರೆ ಇಲ್ಲಿ ಗುರುತು ಹಾಕಿ.’ ಹಮಾಲಿ ಅಣ್ಣ ಈ ಸಲವೂ ಬಂದರು. ಓದಲು ಬಾರದ ಅವರಿಗೆ ಆ ಸಾಲನ್ನು ನಾನು ಎರಡು ಸಲ ಓದಿ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಬಿತ್ತನೆಗೆ ಅಂತಲೇ ಬರೆಯಿರಿ ಅಕ್ಕೋರೇ” ಎಂದರು. ಹಾಗೆಯೇ ಬರೆದುಕೊಟ್ಟೆ.