ಖಾಲಿ ಕೋಣೆಗಳಲ್ಲಿ ನೋಡುವುದೇನಿದೆ?

ಬರ್ಲಿನ್‌ಗೆ ಹೊರಟವರಿಗೆ ಹೋಹೆನ್‌ಶ್ಯೋನ್‌ಹೌಜನ್ ಜೈಲು ನೋಡಿ ಬನ್ನಿ ಎಂದರೆ ತಿರುಗಿ ಕೇಳುವುದು ಇದನ್ನೇ: "ಚಿತ್ರಹಿಂಸೆಯ ಸಲಕರಣೆ ಒಂದೂ ಇಲ್ಲವಂತೆ, ಆಫೀಸಿನ ಥರ ಇದೆಯಂತೆ. ಅಲ್ಲೇನು ನೋಡೋದು?"

ಅಲ್ಲಿರುವುದು ಎರಡು ಜೈಲು. ಹಳೆಯದು ನೆಲಮಾಳಿಗೆಯಲ್ಲಿದೆ. ನಾಜಿಗಳ ಕಾಲದ ದೊಡ್ಡ ಅಡುಗೆಮನೆಯ ಕಟ್ಟಡವದು. 1945ರಲ್ಲಿ ಸೋವಿಯತ್ ಸೇನೆ ಅಲ್ಲಿ ಬಂಧಿಗಳ ಶಿಬಿರ ಮಾಡಿತು, ಆಮೇಲೆ ನೆಲಮಾಳಿಗೆಯನ್ನೇ ಜೈಲಾಗಿಸಿತು. ಕಿಟಕಿಯಿಲ್ಲ. ಮರದ ಹಲಗೆ, ಒಂದು ಬಕೆಟ್ಟು, ಹಗಲೂ ರಾತ್ರಿ ಉರಿಯುವ ದೀಪ. ಕೈದಿಗಳು ಇದನ್ನು 'ಜಲಾಂತರ್ಗಾಮಿ' ಎನ್ನುತ್ತಿದ್ದರು. ಇದನ್ನು ಯಾರೂ ವಿವರಿಸಬೇಕಿಲ್ಲ, ನೋಡಿದರೆ ಸಾಕು.

1951ರಲ್ಲಿ ಜೈಲು ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿಯ ಕೈಗೆ ಬಂತು. ಆ ದಶಕದ ಕೊನೆಗೆ ಕೈದಿಗಳ ದುಡಿಮೆಯಿಂದಲೇ ಹೊಸ ಕಟ್ಟಡ ಎದ್ದಿತು. 'ಆಫೀಸಿನ ಥರ' ಎನ್ನುವುದು ಇದನ್ನೇ. ಇಲ್ಲಿ ನಿಧಾನವಾಗಿ ನೋಡಬೇಕು. ಕೋಣೆಯ ಕಿಟಕಿಗೆ ಗಾಜಿನ ಇಟ್ಟಿಗೆ: ಬೆಳಕು ಬರುತ್ತದೆ, ಹೊರಗಿನದು ಕಾಣುವುದಿಲ್ಲ. ಕಾರಿಡಾರಿನಲ್ಲಿ ಕೆಂಪು ದೀಪ ಹೊತ್ತಿದರೆ ಬೇರೊಬ್ಬ ಕೈದಿಯನ್ನು ಕರೆದೊಯ್ಯುತ್ತಿದ್ದಾರೆ ಎಂದರ್ಥ. ಒಬ್ಬರ ಮುಖ ಇನ್ನೊಬ್ಬರು ನೋಡುವಂತಿಲ್ಲ. ಗೋಡೆಗುಂಟ ಹೋದ ತಂತಿಯನ್ನು ಎಲ್ಲಿ ಎಳೆದರೂ ಅಲಾರಂ. ಕರೆಯುವುದು ಹೆಸರಿನಿಂದಲ್ಲ, ನಂಬರಿನಿಂದ. ರಾತ್ರಿ ಅಂಗಾತ ಮಲಗಬೇಕು, ಕೈ ಹೊದಿಕೆಯ ಮೇಲಿರಬೇಕು. ಕಾವಲುಗಾರ ಆಗಾಗ ದೀಪ ಹಾಕಿ ಕಿಂಡಿಯಲ್ಲಿ ಇಣುಕುತ್ತಾನೆ. ಹೀಗೆ ವಾರಗಟ್ಟಲೆ ಕಳೆದವನನ್ನು ವಾಲ್‌ಪೇಪರ್ ಅಂಟಿಸಿದ, ಪರದೆ ಕಟ್ಟಿದ ವಿಚಾರಣಾ ಕೋಣೆಗೆ ತಂದು ಕೂರಿಸುತ್ತಾರೆ. ಅವನೊಡನೆ ಮಾತಾಡುವ ಒಬ್ಬನೇ ಮನುಷ್ಯ ಎದುರಿಗಿರುವ ಅಧಿಕಾರಿ. ಹೊಡೆಯುವ ಅಗತ್ಯವೇ ಬೀಳದ ಹಾಗೆ ಕಟ್ಟಿದ್ದಾರೆ. ಇಂಥ ವಿಚಾರಣಾ ಕೋಣೆಗಳು ನೂರಕ್ಕೂ ಹೆಚ್ಚಿವೆ.

ಅಂಗಳದಲ್ಲಿ ಬಾರ್ಕಾಸ್ ಕಂಪನಿಯ ವ್ಯಾನು ಕಂಡರೆ ಒಳಗೆ ಇಣುಕಿ: ಹೊರಗೆ ಸಾಮಾನು ಸಾಗಿಸುವ ಗಾಡಿಯ ವೇಷ, ಒಳಗೆ ಮೊಣಕಾಲು ಮಡಚಿ ಕೂರುವಷ್ಟೇ ಜಾಗದ ಐದು ಗೂಡು.

ಪೂರ್ವ ಜರ್ಮನಿಯ ಆಡಳಿತ ಕುಸಿಯುತ್ತಿದ್ದಾಗ, 1990ರ ಜನವರಿ 15ರಂದು, ಜನ ನುಗ್ಗಿದ್ದು ಸ್ಟಾಸಿಯ ಕೇಂದ್ರ ಕಚೇರಿಗೆ. ನಗರದ ನಕ್ಷೆಯಲ್ಲೇ ಇಲ್ಲದ ಈ ಜೈಲಿನತ್ತ ಯಾರೂ ಬರಲಿಲ್ಲ. ಹಾಗಾಗಿ ಕೋಣೆಗಳು ಇದ್ದ ಹಾಗೇ ಉಳಿದವು. ಕಾಗದಪತ್ರ ನಾಶಮಾಡಲು ಸಿಬ್ಬಂದಿಗೆ ಬಿಡುವೂ ಸಿಕ್ಕಿತು. 1994ರಿಂದ ಇದು ಸ್ಮಾರಕ. ಸುತ್ತಿಸಿ ತೋರಿಸುವವರಲ್ಲಿ ಇಲ್ಲೇ ಬಂಧನದಲ್ಲಿದ್ದವರೂ ಇದ್ದಾರೆ. ಅಂಥವರು ಸಿಕ್ಕರೆ ಬಿಡಬೇಡಿ.

ಬಹಳ ಜನ ಲಿಶ್ಟನ್‌ಬರ್ಗ್‌ನ ಸ್ಟಾಸಿ ಮ್ಯೂಸಿಯಮ್‌ಗೆ ಹೋಗಿ ಜೈಲು ಹುಡುಕುತ್ತಾರೆ. ಅದು ಹಳೆಯ ಕೇಂದ್ರ ಕಚೇರಿ. ಜೈಲಿಗೆ ಎಂ5 ಟ್ರ್ಯಾಮ್ ಹಿಡಿದು ಫ್ರೈಯನ್‌ವಾಲ್ಡರ್ ಸ್ಟ್ರಾಸೆಯಲ್ಲಿ ಇಳಿದು ಹತ್ತು ನಿಮಿಷ ನಡೆಯಬೇಕು. ಜರ್ಮನ್ ಬಾರದಿದ್ದರೆ ಇಂಗ್ಲಿಷ್ ಸುತ್ತಿನ ಹೊತ್ತು ನೋಡಿಕೊಂಡು ಮೊದಲೇ ಬುಕ್ ಮಾಡಿ.