ಎಷ್ಟು ಓಡುತ್ತೆ?

ನನ್ನ ಹತ್ತಿರ ಒಂದು ಹಳೇ ಮಾರುತಿ 800 ಇದೆ, ರ್‍ಯಾಲಿ ರೇಸಿಗೆ ಅಂತ ಸಜ್ಜು ಮಾಡಿದ್ದು. ಒಳಗೆ ಉಕ್ಕಿನ ಪೈಪುಗಳ ಪಂಜರ, ಬಾಗಿಲ ಮೇಲೆ ನಂಬರು, ಬಾನೆಟ್ ಮೇಲೆ ನಾಲ್ಕು ದೀಪ. ಕಲಬುರಗಿಯಲ್ಲಿ ಇಂಥದ್ದನ್ನು ರಸ್ತೆಗೆ ತಂದರೆ ಯಾರೂ ಸುಮ್ನೆ ಹೋಗಲ್ಲ. ಸಿಗ್ನಲ್‌ನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಮಿರ್ಚಿ ಭಜಿ ಬಂಡಿ ಮುಂದೆ ಒಂದೇ ಪ್ರಶ್ನೆ: "ಅಣ್ಣಾ, ಎಷ್ಟ್ ಓಡ್ತದ?"

ನೂರು. ಇಳಿಜಾರಿದ್ದರೆ ನೂರೈದು. ಮೈಲೇಜ್ ಕೇಳಿದ್ದಾದರೆ, ರ್‍ಯಾಲಿಯಲ್ಲಿ ಲೀಟರಿಗೆ ಎಂಟು. ಹೌದು, ಎಂಟು. ಸಾಕಾ?

ಸಾಕಾಗಲ್ಲ ಅಂತ ಗೊತ್ತು. ಹೋದ ವರ್ಷ ಸೇಡಂ ರಸ್ತೆಯ ಫಂಕ್ಷನ್ ಹಾಲ್‌ನಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿ ನಮ್ಮ ಕಾಕಾ. ಗಂಜ್‌ನಲ್ಲಿ ಅವರ ತೊಗರಿ ಅಡತ್ ಅಂಗಡಿ ಇದೆ. ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು, "ಎಷ್ಟ್ ಓಡ್ತದೋ ನಿನ್ನ ರೇಸ್ ಗಾಡಿ?" ನೂರು ಅಂದೆ. ಅವರ ಕೈ ಬಾಯಿ ಹತ್ತಿರ ನಿಂತಿತು. "ನಮ್ಮ ಬೊಲೆರೊನೇ ಅದ್ಕಿಂತ ಜಾಸ್ತಿ ಹೋಗ್ತದಲ್ಲೋ!" ಇಡೀ ಪಂಕ್ತಿ ನಕ್ಕಿತು.

ಅಲ್ಲಿಗೆ ಸುಮ್ಮನಿರಬೇಕಿತ್ತು. ನಾನು ಬಾಯಿಬಿಟ್ಟೆ. "ಮೊದಲು ನೂರಾ ಇಪ್ಪತ್ತು ಹೋಗ್ತಿತ್ತು ಕಾಕಾ, ನಾನೇ ಕಡಿಮಿ ಮಾಡಿಸೀನಿ."

"ರೊಕ್ಕ ಕೊಟ್ಟು ಗಾಡಿ ಸ್ಲೋ ಮಾಡಿಸ್ಕೊಂಡಿ?"

ಹೌದು, ಕೊಟ್ಟು ಮಾಡಿಸಿಕೊಂಡೆ. ಅಂದು ಬಾಯಿ ತುಂಬ ಹುಗ್ಗಿ ಇತ್ತು, ಇಲ್ಲಿ ಹೇಳುತ್ತೇನೆ. ಇದರ ಇಂಜಿನ್ 796 ಸಿಸಿ, ಮೂರು ಸಿಲಿಂಡರ್, 40 ಎಚ್‌ಪಿ ಕೂಡ ಇಲ್ಲ. ಗೇರ್ ನಾಲ್ಕೇ. ಎರಡನೇ ಗೇರಿಗೂ ಮೂರನೇ ಗೇರಿಗೂ ನಡುವೆ ದೊಡ್ಡ ಕಂದಕ. ಘಾಟಿ ತಿರುವಿನಿಂದ ಹೊರಗೆ ಬರುವಾಗ ಎರಡರಲ್ಲಿ ಇಂಜಿನ್ ಕಿರುಚುತ್ತೆ, ಮೂರಕ್ಕೆ ಹಾಕಿದರೆ ಕೆರೆಗಿಳಿದ ಎಮ್ಮೆ ಹಾಗೆ ನಿಂತುಬಿಡುತ್ತೆ. ಅದಕ್ಕೆ ಫೈನಲ್ ಡ್ರೈವ್ ಗೇರ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ದಾಟಿಸುವ ಕೊನೆಯ ಹಲ್ಲುಚಕ್ರ) ಬದಲಿಸಿ ಎಲ್ಲಾ ಗೇರನ್ನೂ ಗಿಡ್ಡ ಮಾಡಿಸಿದೆ. ಈಗ ಮೂರರಲ್ಲೂ ಏರು ಹತ್ತುತ್ತೆ, ನೂರಕ್ಕೆ ದಮ್ಮು ಮುಗಿಯುತ್ತೆ. ರ್‍ಯಾಲಿ ನಡೆಯುವ ಕಾಫಿ ತೋಟದ ಮಣ್ಣಿನ ದಾರಿಯಲ್ಲಿ ನೂರು ಮುಟ್ಟುವಷ್ಟು ನೇರ ಜಾಗ ಎಲ್ಲಿದೆ ಹೇಳಿ?

"ಟರ್ಬೊ ಹಾಕ್ಸಬಾರದಾ?" ಅನ್ನುವವರಿಗೆ ಪ್ರತ್ಯೇಕ ನಮಸ್ಕಾರ.

ಇನ್ನೊಂದು ಗುಂಪು ಇದೆ, "ಚಿಕ್ಕ ಗಾಡಿ ರ್‍ಯಾಲಿಗೆ ಯಾಕೆ?" ಅನ್ನುತ್ತದೆ. 1964ರ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದದ್ದು 1071 ಸಿಸಿಯ ಮಿನಿ ಕೂಪರ್ ಎಸ್. ಚಕ್ರ ಹತ್ತೇ ಇಂಚು, ನನ್ನ ಗಾಡಿಯದಕ್ಕಿಂತ ಎರಡಿಂಚು ಕಡಿಮೆ. ಎರಡನೆಯದಾಗಿ ಬಂದದ್ದು 4.7 ಲೀಟರ್ ವಿ8 ಇಂಜಿನ್‌ನ ಫೋರ್ಡ್ ಫಾಲ್ಕನ್. ಚಿಕ್ಕ ಇಂಜಿನ್‌ಗೆ ಲೆಕ್ಕದಲ್ಲಿ ರಿಯಾಯಿತಿ ಇತ್ತು, ಅದನ್ನು ಮುಚ್ಚಿಡಲ್ಲ. ಆದರೆ 1965ರಲ್ಲಿ, 1967ರಲ್ಲಿ ಮತ್ತೆ ಮಿನಿಯೇ ಗೆದ್ದಿತು. 1966ರಲ್ಲೂ ಮೊದಲು ಬಂದಿತ್ತು, ಹೆಡ್‌ಲೈಟ್ ನಿಯಮ ತೋರಿಸಿ ಹೊರಗೆ ಹಾಕಿದರು. ಆ ಕಾರಿನ ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಕಿಡಿಯ ಕರೆಂಟ್ ಹಂಚುವ ಭಾಗ) ಮುಂದಿನ ಜಾಲರಿಯ ಹಿಂದೆಯೇ ಇತ್ತು. ಮಳೆ ನೀರು ಹೊಡೆದರೆ ಗಾಡಿ ನಿಲ್ಲುತ್ತಿತ್ತು. ಅದಕ್ಕೆ ಜನ ರಬ್ಬರ್ ಗ್ಲೌಸ್ ತೊಡಿಸುತ್ತಿದ್ದರು, ಒಂದೊಂದು ಬೆರಳಿನಲ್ಲಿ ಒಂದೊಂದು ವೈರ್. ನನ್ನ ಗಾಡಿಗೂ ಹಾಗೇ ಮಾಡಿದ್ದೇನೆ. ಮನೆಯಲ್ಲಿ ಪಾತ್ರೆ ತೊಳೆಯುವ ಗ್ಲೌಸ್ ಒಂದು ಕಾಣೆಯಾಗಿದೆ, ಇನ್ನೂ ಯಾರಿಗೂ ಗೊತ್ತಿಲ್ಲ.

ನಿಜ ಹೇಳಬೇಕೆಂದರೆ ಓಡಿಸುವುದು ಅಂಥ ಕಷ್ಟ ಅಲ್ಲ. ಒಂದನ್ನು ಗಟ್ಟಿ ಮಾಡಿದರೆ ಪಕ್ಕದ್ದು ಮುರಿಯುತ್ತೆ ನೋಡಿ, ಅದು ಕಷ್ಟ. ಸ್ಪ್ರಿಂಗ್ ಗಟ್ಟಿ ಮಾಡಿದೆವು, ಶಾಕ್ ಅಬ್ಸಾರ್ಬರ್ ಕೂರುವ ತಗಡು ಬಿರುಕು ಬಿಟ್ಟಿತು. ಅಲ್ಲಿ ಪ್ಲೇಟ್ ಇಟ್ಟು ವೆಲ್ಡ್ ಮಾಡಿದೆವು, ಚಕ್ರ ಹಿಡಿಯುವ ಕೆಳಗಿನ ಆರ್ಮ್ ಬಾಗಿತು. ಇಂಜಿನ್ ಕೆಳಗೆ ಕಲ್ಲು ಬಡಿಯದಂತೆ ದಪ್ಪ ಅಲ್ಯೂಮಿನಿಯಂ ಗಾರ್ಡ್ ಹಾಕಿದೆವು, ಗಾಳಿ ಆಡದೆ ಆಯಿಲ್ ಕಾಯಿತು. ಪಂಜರದ ಮುಖ್ಯ ಪೈಪು 45 ಮಿಲಿಮೀಟರ್, ಗೋಡೆ ಎರಡೂವರೆ ಮಿಲಿಮೀಟರ್ ಇರಬೇಕು. ಅದರಲ್ಲಿ ಕಂಜೂಸಿ ಮಾಡುವ ಹಾಗಿಲ್ಲ, ತಲೆ ನಮ್ಮದು. ಆದರೆ ಮೂಲ ಗಾಡಿ ಸುಮಾರು 650 ಕೆಜಿ. ಅಷ್ಟು ಹಗುರದ್ದಕ್ಕೆ ಪಂಜರ, ಗಾರ್ಡ್, ಮೇಲೆ ಪಕ್ಕ ಕೂತು ದಾರಿ ಹೇಳುವ ನನ್ನ ದೋಸ್ತ್ ನ್ಯಾವಿಗೇಟರ್ (ಅವನ ತೂಕ ಬರೆದರೆ ಜಗಳ) ಎಲ್ಲಾ ಸೇರಿದರೆ 40 ಎಚ್‌ಪಿ ಏನು ಮಾಡೀತು?

ಟೆಸ್ಟಿಂಗ್ ಎಲ್ಲಾ ಇಲ್ಲೇ, ಶಹಾಬಾದ್ ಕಡೆಯ ಕಲ್ಲುಗಣಿ ದಾರಿಗಳಲ್ಲಿ. ಏಪ್ರಿಲ್ ಮಧ್ಯಾಹ್ನ, 42 ಡಿಗ್ರಿ. ಎರೆ ಮಣ್ಣಿನ ಧೂಳು ಜೋಳದ ಹಿಟ್ಟಿಗಿಂತ ನುಣ್ಣಗೆ ಬಂದು ಫಿಲ್ಟರ್ ತುಂಬುತ್ತೆ. ಮಳೆಗಾಲದಲ್ಲಿ ಅದೇ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಚಕ್ರ ತಿರುಗಲ್ಲ. ಇಷ್ಟೆಲ್ಲಾ ಪಾಸಾದ ಗಾಡಿ, ಇನ್ನು ಚಿಕ್ಕಮಗಳೂರಿನ ತಂಪಿನಲ್ಲಿ ಕಾಯುತ್ತಾ ಅಂತ ನನಗೆ ಜಂಭ.

ಅಲ್ಲೇ ಕಾಯಿತು. ರ್‍ಯಾಲಿಯ ಎರಡನೇ ದಿನ, ಮೂರನೇ ಸ್ಟೇಜ್ (ಟೈಮ್ ಅಳೆಯುವ ಒಂದು ತುಂಡು ದಾರಿ). ಟೆಂಪರೇಚರ್ ಕಾಟಾ ಸ್ವಲ್ಪ ಏರಿತು. ಆಮೇಲೆ ತಾನಾಗಿ ಕೆಳಗಿಳಿಯಿತು. ನನಗೆ ಖುಷಿ. "ತಂಪಾಯ್ತಲೇ," ಅಂತ ದೋಸ್ತನಿಗೆ ಕೂಗಿ ಇನ್ನೂ ಜೋರಾಗಿ ತುಳಿದೆ. ಒಂದು ಕಿಲೋಮೀಟರ್ ಹೋಗಿರಬೇಕು, ಬಿಳಿ ಹೊಗೆ, ಆಮೇಲೆ ಪೂರ್ತಿ ಮೌನ. ಇಂಜಿನ್ ಹೆಡ್ಡಿನ ಕೆಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಹೆಡ್ ಸೊಟ್ಟಗಾಗಿತ್ತು. ಸೆನ್ಸರ್ ಅಳೆಯುವುದು ನೀರಿನ ಬಿಸಿಯನ್ನು. ನೀರೇ ಇಲ್ಲದಿದ್ದರೆ ಕಾಟಾ ಇಳಿಯದೆ ಏನು ಮಾಡುತ್ತೆ?

ಊರಿಗೆ ಬಂದ ಮೇಲೆ ನೂರು ಜನ ನೋಡಿದರು, ನೂರು ಜನ ಅದೇ ಕೇಳಿದರು. ರೇಡಿಯೇಟರ್ ರಿಪೇರಿ ಮಾಡುವ ಚಾಚಾ ಮಾತ್ರ ನನ್ನ ಮುಖ ಕೂಡ ನೋಡಲಿಲ್ಲ. ರೇಡಿಯೇಟರ್ ಮಗುಚಿ ಹಾಕಿ, ಕೆಳಗಿನ ಟ್ಯಾಂಕಿನ ಬೆಸುಗೆ ಮೇಲೆ ಉಗುರು ಎಳೆದರು. ಕೂದಲಿನಷ್ಟು ಬಿರುಕು. ನಂತರ ರೇಡಿಯೇಟರಿನ ಕಾಲುಗಳನ್ನು ಮುಟ್ಟಿ ಕೇಳಿದರು, "ಇದರ ಕೆಳಗ ರಬ್ಬರ್ ಇತ್ತಲ್ಲ, ಎಲ್ಲಿ ಹೋಯ್ತು?"

ಎರಡು ವರ್ಷ ಕಾದಿದ್ದೆ ಇಂಥ ಒಂದು ಪ್ರಶ್ನೆಗೆ. ಬಂದಾಗ ಉತ್ತರಿಸಲು ನಾಚಿಕೆ. ಕಂಪನಿ ಕೊಟ್ಟ ರಬ್ಬರನ್ನು ನಾನೇ ಕಿತ್ತೆಸೆದಿದ್ದೆ, ರೇಡಿಯೇಟರ್ ಅಲುಗಾಡಬಾರದು ಅಂತ. ನೇರವಾಗಿ ಬೋಲ್ಟ್ ಹಾಕಿ ಬಿಗಿದಿದ್ದೆ. ಅದಕ್ಕೂ ಮೊದಲು ಇಂಜಿನ್ ಮೌಂಟನ್ನೂ ಗಟ್ಟಿ ರಬ್ಬರಿಗೆ ಬದಲಿಸಿದ್ದೆ. ಮೂರು ಸಿಲಿಂಡರಿನ ನಡುಕವೆಲ್ಲಾ ಗಾಡಿಯ ಮೈಗೆ ಹತ್ತಿ, ಅಲ್ಲಿಂದ ಆ ಬೆಸುಗೆಗೆ ಹೋಗಿತ್ತು. ಚಾಚಾ ಏನೂ ಅನ್ನಲಿಲ್ಲ. ಬೆಸುಗೆ ಹಾಕಿದರು. ಮೂಲೆಯಲ್ಲಿ ಬಿದ್ದಿದ್ದ ಲಾರಿ ಟ್ಯೂಬಿನಿಂದ ನಾಲ್ಕು ಬಿಲ್ಲೆ ಕತ್ತರಿಸಿ, ಎರಡೆರಡು ಜೋಡಿಸಿ ಕಾಲಿನ ಕೆಳಗಿಟ್ಟರು. ಅದಕ್ಕೆ ದುಡ್ಡು ಬೇಡ ಅಂದರು.

ಮುಂದಿನ ರ್‍ಯಾಲಿಯಲ್ಲಿ ಸೈಲೆನ್ಸರ್ ಕಳಚಿ ಬಿತ್ತು. ಆದರೆ ಕೊನೆಯ ಗೆರೆ ದಾಟಿದ ಮೇಲೆ. ಸಂಜೆ ಕಾಕಾನಿಗೆ ಫೋನ್ ಮಾಡಿದೆ.

"ಮುಗಿಸಿದೆ ಕಾಕಾ. ನಮ್ಮ ಕ್ಲಾಸಿನಾಗ ನಾಕನೇದು."

"ಭೇಷ್! ಎಷ್ಟ್ ಗಾಡಿ ಬಂದಿದ್ದವು?"

"ಕಡೀತನ ಬಂದದ್ದು ನಾಕು."

"ಹಂಗಾರ ಕಡೀದೇ ಅಲ್ಲೇನೋ?"

ಹೊರಟಿದ್ದು ಒಂಬತ್ತು ಅಂತ ಹೇಳುವಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು.