ಮಲ್ಪೆಯ ಐಸ್ ಪ್ಲಾಂಟಲ್ಲಿ ಮೈನಸ್ 110

ಜುಲೈ ಕೊನೆ ವಾರ. ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗೆ ಇಳಿಯುವುದಲ್ವಾ, ಮಲ್ಪೆಯ ಐಸ್ ಪ್ಲಾಂಟುಗಳಲ್ಲೆಲ್ಲ ಗಡಿಬಿಡಿ. ಬ್ರೈನ್ ಟ್ಯಾಂಕಿನ (ಐಸ್ ಕಟ್ಟುವ ಉಪ್ಪುನೀರಿನ ಟ್ಯಾಂಕ್) ಟೆಂಪರೇಚರ್ ನೋಡುವ ನಮ್ಮ ಬಾಕ್ಸ್ ಅಲ್ಲಿ ಒಂದು ಪ್ಲಾಂಟಲ್ಲಿ ನಾಲ್ಕು ವರ್ಷದಿಂದ ಉಂಟು, ಹಳೇ 32 ಬಿಟ್ ಆರ್ಮ್ ಬೋರ್ಡ್, ಒಂದು ದಿನವೂ ತೊಂದರೆ ಕೊಟ್ಟದ್ದಲ್ಲ. ಆ ಬೋರ್ಡ್ ಈಗ ಸಿಗುದಿಲ್ಲ, ಹಾಗಾಗಿ ಸಾಫ್ಟ್‌ವೇರನ್ನು ಆರ್ಮ್64 ಅಂದ್ರೆ 64 ಬಿಟ್ ಬೋರ್ಡಿಗೆ ಪೋರ್ಟ್ ಮಾಡಿದ್ದು, ಅದರಲ್ಲಿ ಓಡುವ ಹಾಗೆ ಮಾಡಿದ್ದು. ಟೆಂಪರೇಚರ್ ಓದುವ ಚಿಪ್ಪಿನ ಜೊತೆ ಮಾತಾಡುವ ಡ್ರೈವರ್ ಬರೆದದ್ದೂ ನಾನೇ, ಪೋರ್ಟ್ ಮಾಡಿದ್ದೂ ನಾನೇ. ಪೋರ್ಟಿಂಗಿಗೆ ಪ್ಲಾನಲ್ಲಿ ಕೊಟ್ಟದ್ದು ಎರಡು ದಿನ, ಕಂಪೈಲ್ ಆಯ್ತಲ್ಲ ಇನ್ನೆಂತ ಅಂತ ಮ್ಯಾನೇಜರ್ ಕೇಳಿದ್ರು, ನಾನೂ ಹೂಂ ಅಂದೆ. ಆಫೀಸಲ್ಲಿ ಇದ್ದ ಹೊಸ ಬೋರ್ಡ್ ಒಂದೇ, ಅದರಲ್ಲಿ ಮೂರು ಟೀಮಿನ ಕೆಲಸ, ಬೂಟ್ ಮಾಡುದು, ಹತ್ತು ರೀಡಿಂಗ್ ನೋಡುದು, ಇನ್ನೊಬ್ಬರಿಗೆ ಬಿಟ್ಟುಕೊಡುದು. ಒಂದೇ ಒಂದು ಸಲ ಟೈಮ್‌ಔಟ್ (ಚಿಪ್ ಸಮಯದೊಳಗೆ ಉತ್ತರ ಕೊಡ್ಲಿಲ್ಲ ಅನ್ನುವ ಎರರ್) ಬಂದಿತ್ತು. ಜಂಪರ್ ವೈರ್ ಲೂಸ್ ಆಗಿರ್ಬೇಕು ಅಂತ ಒತ್ತಿ ಕೂರಿಸಿ ರೀಬೂಟ್ ಮಾಡಿದೆ, ಸರಿಯಾಯ್ತು. ಅದನ್ನು ಈಗ ನೆನೆಸಿದ್ರೂ ಹೊಟ್ಟೆ ಉರಿತದೆ.

ಮಲ್ಪೆಯಲ್ಲಿ ಬಾಕ್ಸ್ ಕೂರಿಸಿ ಆನ್ ಮಾಡಿದೆ, ಮೈನಸ್ 9 ತೋರಿಸ್ತಾ ಇತ್ತು, ಧಣಿಗಳು ಚಾ ತರಿಸಿದ್ರು. ಗ್ಲಾಸ್ ಕೆಳಗಿಡುವಷ್ಟರಲ್ಲಿ ಸ್ಕ್ರೀನಲ್ಲಿ ಮೈನಸ್ 110.

"ಎಂತ ಮಾರಾಯ್ರೆ ಇದು, ನಮ್ಮ ಟ್ಯಾಂಕಾ ಇದು?"

ಅದು ಡಿಗ್ರಿ ಅಲ್ಲ, ಟೈಮ್‌ಔಟಿನ ಎರರ್ ನಂಬರ್, ನಮ್ಮ ಆ್ಯಪ್ ಅದನ್ನೇ ಟೆಂಪರೇಚರ್ ಅಂತ ತೋರಿಸಿದ್ದು (ಅದು ಬೇರೆಯೇ ಬಗ್, ಬೇರೆಯವರದ್ದು). ರೀಬೂಟ್ ಮಾಡಿದೆ, ಮೈನಸ್ 9. ಸ್ವಲ್ಪ ಹೊತ್ತಿಗೆ ಪುನಃ ಮೈನಸ್ 110. ಕೇಬಲ್ ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ, ಅರ್ಥಿಂಗ್ ನೋಡಿದೆ. ಬೋರ್ಡ್ ಬಿಸಿಯಾ ಅಂತ ಬೆರಳಿಟ್ಟು ನೋಡಿದೆ, ತಣ್ಣಗಿತ್ತು.

ಆಮೇಲೆ ನಾನು ಮಾಡಿದ್ದು ದೊಡ್ಡ ತಪ್ಪು. ಕಂಪ್ರೆಸರ್ ಮೋಟರಿನ ಎಲೆಕ್ಟ್ರಿಕಲ್ ನಾಯ್ಸ್ ಇದು, ಅರ್ಧ ಗಂಟೆ ನಿಲ್ಲಿಸ್ಲಿಕ್ಕೆ ಆಗ್ತದಾ ಅಂತ ಕೇಳಿದೆ. ಸೀಸನ್ ಶುರುವಾಗುವ ಮುಂಚೆ ಅದೂ ಎರಡು ದಿನ ಓಡಿಸಿ ಟ್ಯಾಂಕ್ ತಣ್ಣಗೆ ಮಾಡಿಟ್ಟ ಪ್ಲಾಂಟಲ್ಲಿ ಕಂಪ್ರೆಸರ್ ನಿಲ್ಲಿಸಿ ಅನ್ನುದು ಸಣ್ಣ ಮಾತಲ್ಲ. ಧಣಿಗಳು ಒಂದು ನಿಮಿಷ ನನ್ನ ಮುಖ ನೋಡಿದ್ರು, ಆಮೇಲೆ ಆಪರೇಟರಿಗೆ ಕೈ ಮಾಡಿದ್ರು. ಅಷ್ಟು ದೊಡ್ಡ ಶಬ್ದ ಒಮ್ಮೆಲೇ ನಿಂತಾಗ ಹೊರಗೆ ಶೀಟಿನ ಮೇಲೆ ಬೀಳುವ ಮಳೆ ಮಾತ್ರ ಕೇಳ್ತಿತ್ತು. ರೀಬೂಟ್ ಮಾಡಿದೆ. ಮೂರು ನಿಮಿಷ ಸರಿ, ನಾಲ್ಕು ನಿಮಿಷ ಸರಿ, "ನೋಡಿ, ನಾಯ್ಸೇ" ಅಂತ ನಾನು ಹೇಳಿಯೂ ಆಯ್ತು, ಎಲ್ಲರೂ ಸ್ಕ್ರೀನ್ ನೋಡ್ತಾ ನಿಂತಿದ್ದಾರೆ, ಮೈನಸ್ 110 ಬಂತು. ಧಣಿಗಳು ಒಂದು ಮಾತೂ ಬೈಲಿಲ್ಲ. ಕಂಪ್ರೆಸರ್ ಹಾಕು ಅಂತ ಆಪರೇಟರಿಗೆ ಹೇಳಿ ಒಳಗೆ ಹೋದ್ರು.

ಲಾಗನ್ನು ವಾಟ್ಸಾಪಲ್ಲಿ ಮಂಗಳೂರು ಆಫೀಸಿಗೆ ಕಳಿಸಿದೆ. ನಮ್ಮಲ್ಲಿ ಸೇರಿ ಆರು ತಿಂಗಳಾಗದ ಹುಡುಗಿ ಫೋನ್ ಮಾಡಿದ್ಳು, "ಸರ್, ಮೊದಲ ಟೈಮ್‌ಔಟ್ ಐದು ಬೂಟಲ್ಲಿ ನಾಲ್ಕು ಸಲ 300 ಪಾಯಿಂಟ್ ಏನೋ ಸೆಕೆಂಡಿಗೆ ಬಂದಿದೆ, ಒಂದು ಸಲ 299.9. ನಾಯ್ಸ್ ಆದ್ರೆ ಹೀಗೆ ಗಡಿಯಾರ ನೋಡಿ ಬರ್ತದಾ?"

300 ಅಂತ ಕೇಳಿದ್ದೇ ಗೊತ್ತಾಯ್ತು. ಲಿನಕ್ಸ್ ಕರ್ನಲಲ್ಲಿ ಜಿಫೀಸ್ (ಗಡಿಯಾರದ ಟಿಕ್ ಎಣಿಸುವ ಕೌಂಟರ್) ಸೊನ್ನೆಯಿಂದ ಶುರುವಾಗುದಿಲ್ಲ, 32 ಬಿಟ್ ತುಂಬ್ಲಿಕ್ಕೆ ಸರಿಯಾಗಿ 300 ಸೆಕೆಂಡ್ ಬಾಕಿ ಇರುವ ಹಾಗೆ ಬೇಕಂತಲೇ ಇಟ್ಟಿದ್ದಾರೆ. ನಮ್ಮದು 250 ಹರ್ಟ್ಸ್, ಸೆಕೆಂಡಿಗೆ 250 ಟಿಕ್, 300 ಸೆಕೆಂಡಿಗೆ 75,000 ಟಿಕ್, ಅಂದ್ರೆ 4,29,48,92,296ರಿಂದ ಶುರು. 32 ಬಿಟ್ ಬೋರ್ಡಲ್ಲಿ ಐದು ನಿಮಿಷಕ್ಕೆ ಅದು ತಿರುಗಿ ಸೊನ್ನೆಯಾಗ್ತದೆ, ನನ್ನ ಡೆಡ್‌ಲೈನ್ (ಎಷ್ಟನೇ ಟಿಕ್ ತನಕ ಕಾಯುದು ಅಂತ) ಇರುವ 32 ಬಿಟ್ಟಿನ ವೇರಿಯೇಬಲ್ ಯು32ವೂ ಜೊತೆಗೇ ತಿರುಗ್ತದೆ, ಕಳೆದಾಗ ವ್ಯತ್ಯಾಸ ಸರಿಯೇ ಬರ್ತದೆ. ಜಿಫೀಸಿನ ಟೈಪ್ ಅನ್‌ಸೈನ್ಡ್ ಲಾಂಗ್, ಆರ್ಮ್64ರಲ್ಲಿ ಅದು 8 ಬೈಟ್, ಅಂದ್ರೆ 64 ಬಿಟ್. ಜಿಫೀಸ್ 4,29,49,67,296 ದಾಟಿ ಮೇಲೆ ಹೋಯ್ತು, ನನ್ನ ಯು32 ಮಾತ್ರ ಮೇಲಿನ ಬಿಟ್ ಉದುರಿಸಿಕೊಂಡು ಕೆಳಗೆ ಬಿತ್ತು. ಆಮೇಲೆ ಟೈಮ್-ಆಫ್ಟರ್ (ಸಮಯ ದಾಟಿತಾ ಅಂತ ನೋಡುವ ಮ್ಯಾಕ್ರೊ) ಕೇಳಿದಾಗೆಲ್ಲ ಉತ್ತರ ಒಂದೇ, ಡೆಡ್‌ಲೈನ್ ಮುಗಿದಿದೆ. ಚಿಪ್ಪಿನ ರೆಡಿ ಬಿಟ್ (ರೀಡಿಂಗ್ ತಯಾರು ಅನ್ನುವ ಗುರುತು) ಮೊದಲ ಸಲ ನೋಡಿದಾಗಲೇ ಬಂದಿಲ್ಲಾಂದ್ರೆ ಟೈಮ್‌ಔಟ್. ಆ 299.9 ಕೂಡ ಇದೇ, ಟೈಮ್‌ಔಟ್ 50 ಟಿಕ್ ಇದ್ದ ಕಾರಣ ಜಿಫೀಸಿಗಿಂತ ಮೊದಲೇ ಡೆಡ್‌ಲೈನ್ ಗಡಿ ದಾಟಿತ್ತು.

ಹೀಗೆ ಐದು ನಿಮಿಷಕ್ಕೆ ಇಟ್ಟದ್ದೇ ಇಂಥ ಬಗ್ ಬೇಗ ಹೊರಗೆ ಬೀಳ್ಲಿ ಅಂತ. ಸೊನ್ನೆಯಿಂದ ಶುರುವಾಗಿದ್ರೆ 250 ಹರ್ಟ್ಸಲ್ಲಿ ಸುಮಾರು 199 ದಿನ ಬೇಕಿತ್ತು, ಲೆಕ್ಕ ಹಾಕಿ, ಜುಲೈ ಕೊನೆಗೆ ಹಾಕಿದ ಬಾಕ್ಸ್ ಫೆಬ್ರವರಿಯಲ್ಲಿ ನಡು ಸೀಸನಲ್ಲಿ ಕೈಕೊಡ್ತಿತ್ತು. ಅದನ್ನು ಆಲೋಚಿಸಿದವರಿಗೆ ನಾನು ಮನಸಾರೆ ಕೈ ಮುಗಿತೇನೆ. ಅವರು ಅಷ್ಟು ಮಾಡಿಟ್ಟರೂ ನಾನು ಆಫೀಸಲ್ಲಿ ಐದು ನಿಮಿಷ ಕಾಯ್ಲಿಲ್ಲ.

ನನಗೆ ಜಾಸ್ತಿ ನೋವಾದದ್ದು ಗಿಟ್ ಬ್ಲೇಮ್ (ಯಾವ ಸಾಲು ಯಾರು ಯಾವಾಗ ಬರೆದದ್ದು ಅಂತ ತೋರಿಸುದು) ನೋಡಿದಾಗ. ಟೈಮ್-ಆಫ್ಟರ್ ಮ್ಯಾಕ್ರೊ ಒಳಗೆ ಟೈಪ್‌ಚೆಕ್ ಉಂಟು, ಅನ್‌ಸೈನ್ಡ್ ಲಾಂಗ್ ಅಲ್ಲದ್ದನ್ನು ಕೊಟ್ಟರೆ ಕಂಪೈಲರ್ ವಾರ್ನಿಂಗ್ ಹಾಕ್ತದೆ, 32 ಬಿಟ್ಟಲ್ಲೂ ಹಾಕ್ತದೆ. ನಾಲ್ಕು ವರ್ಷದ ಹಿಂದೆ ನನಗೂ ಹಾಕಿದೆ. ಚಿಪ್ಪಿನ ರೆಜಿಸ್ಟರೆಲ್ಲ ಯು32, ಅದೇ ಕೈರೂಢಿಯಲ್ಲಿ ಡೆಡ್‌ಲೈನನ್ನೂ ಯು32 ಮಾಡಿದ್ದೆ, ವಾರ್ನಿಂಗ್ ಬಂದಾಗ ಎದುರಿಗೆ ಒಂದು ಕ್ಯಾಸ್ಟ್ (ಇದನ್ನು ಅನ್‌ಸೈನ್ಡ್ ಲಾಂಗ್ ಅಂತಲೇ ತಿಳ್ಕೊ ಅಂತ ಕಂಪೈಲರಿಗೆ ಹೇಳುದು) ಹಾಕಿ ಬಾಯಿ ಮುಚ್ಚಿಸಿದ್ದೇನೆ. ಕಮಿಟ್ ಮೆಸೇಜಲ್ಲಿ "ವಾರ್ನಿಂಗ್ ತೆಗೆದದ್ದು" ಅಂತ ಮಾತ್ರ ಉಂಟು. ಈಗ ಪೋರ್ಟ್ ಮಾಡುವಾಗ ಬಿಲ್ಡಲ್ಲಿ ಒಂದೂ ವಾರ್ನಿಂಗ್ ಇಲ್ಲ ಅಂತ ಖುಷಿಪಟ್ಟದ್ದೂ ನಾನೇ.

ಟೈಪ್ ಅನ್‌ಸೈನ್ಡ್ ಲಾಂಗ್ ಮಾಡಿ, ಕ್ಯಾಸ್ಟ್ ಕಿತ್ತುಹಾಕಿ ಫೋನ್ ಮಾಡಿದ ಆ ಹುಡುಗಿಯೇ ಮಾಡ್ಯೂಲ್ ಬಿಲ್ಡ್ ಮಾಡಿ ಕಳಿಸಿದ್ಳು. ಹಾಕಿ, ರೀಬೂಟ್ ಮಾಡಿ, ಲಾಗ್ ತೆರೆದಿಟ್ಟು ಕೂತೆ. 298, 299, 300, 301. ಮೈನಸ್ 9, ಮೈನಸ್ 9. ಅರ್ಧ ಗಂಟೆ ಬಿಟ್ಟು ಧಣಿಗಳನ್ನು ಕರೆದು ಹೇಳಿದೆ, ತಪ್ಪು ನಿಮ್ಮ ಕಂಪ್ರೆಸರಿದ್ದಲ್ಲ, ನಾನು ಬರೆದದ್ದರದ್ದು ಅಂತ. "ಸರಿಯಾಯ್ತಲ್ಲ, ಮಳೆ ಜೋರುಂಟು, ನಿಧಾನ ಹೋಗಿ" ಅಂದ್ರು.

ಮರುದಿನ ನಮ್ಮ ಎಲ್ಲ ಡ್ರೈವರಲ್ಲಿ ಇಂಥ ಕ್ಯಾಸ್ಟ್ ಹುಡುಕಿದ್ವಿ, ಇನ್ನೂ ಎರಡು ಕಡೆ ಸಿಕ್ತು. ಒಂದನ್ನು ತೆಗೆದಾಯ್ತು. ಇನ್ನೊಂದು 32 ಬಿಟ್ ಬೋರ್ಡಲ್ಲಿ ಮಾತ್ರ ಓಡುವಂಥದ್ದು, ಈಗ ಸರಿಯಾಗಿಯೇ ಉಂಟಲ್ಲ, ಮುಂದಿನ ರಿಲೀಸಲ್ಲಿ ನೋಡುವ ಅಂತ ಮೀಟಿಂಗಲ್ಲಿ ಹೇಳಿದ್ರು. ನಾನು ಆಗುದಿಲ್ಲ ಅಂದೆ, ಟಿಕೆಟನ್ನು ನನ್ನ ಹೆಸರಿಗೇ ಹಾಕಿಕೊಂಡಿದ್ದೇನೆ, ಈ ಶನಿವಾರ ಕೂತು ಮುಗಿಸ್ತೇನೆ.